ಪಾಪಯ್ಯನೆಂದು ತಿಳಿದು ಕರಡಿಗೆ ಹೇಳಿದ ಮಾತಿನ ಬಗ್ಗೆ

ಹೆಸರು: ತಂಜೀಲಾ, ಗಂಡ ದಿವಂಗತ ಉಮರ್
ವಯಸ್ಸು: 31 ವರ್ಷ
ಕೆಲಸ: ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ, ಹಲಸಿನ ಕಾಲದಲ್ಲಿ ಭಾನುವಾರಗಳಂದು ಲಗೇಜ್ ಆಟೋ ಚಾಲಕಿ
ವಾಸ: ವಿಜಯಪುರ ಪಟ್ಟಣ, ದೇವನಹಳ್ಳಿ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ

ದಿನಾಂಕ 26-07-2025ರ ಶನಿವಾರ ಬೆಳಿಗ್ಗೆ 11 ಗಂಟೆಗೆ ಯಾರೂ ಕರೆಸದೆ ನಾನಾಗಿ ಠಾಣೆಗೆ ಬಂದು, ಸಬ್ ಇನ್‌ಸ್ಪೆಕ್ಟರ್ ಪ್ರಮೋದಾ ಮೇಡಂ ಅವರ ಎದುರು ಕೂತು ಹೇಳಿ ಬರೆಸುತ್ತಿರುವುದು ಹೀಗಿದೆ.

ಕೆಲಸ ಎಂಬ ಕಡೆ ಮೇಡಂ ಮೊದಲು ಗೃಹಿಣಿ ಎಂದು ಟೈಪ್ ಮಾಡಿದ್ದರು. ನಾನು ಹೇಳಿ ತಿದ್ದಿಸಿದೆ. ತಿದ್ದಿಸುವ ಚಟ ನನಗೆ ಶಾಲೆಯಿಂದ ಬಂದದ್ದು. ಇವತ್ತು ಇಲ್ಲಿಗೆ ಬಂದಿರುವುದೂ ಒಂದು ಹೇಳಿಕೆಯನ್ನು ತಿದ್ದಿಸಲಿಕ್ಕೇ.

ಮೊನ್ನೆ ಗುರುವಾರ ನನ್ನ ಮಾವನವರಾದ ಮಸ್ತಾನ್ ಸಾಬ್, ವಯಸ್ಸು 64, ಇದೇ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದಾರೆ. ತೂಬಗೆರೆ ಪಕ್ಕದ ಪಾಪಯ್ಯನವರ ಹಲಸಿನ ತೋಪಿನಲ್ಲಿ ತಾವು ಒಂದು ಕರಡಿಗೆ ದಿನಾ ಕೈಯಾರೆ ಹಲಸಿನ ತೊಳೆ ತಿನ್ನಿಸಿ ಪಳಗಿಸಿದ್ದಾಗಿ ಒಪ್ಪಿಕೊಂಡಿದ್ದಾರೆ. ಕಾಡುಪ್ರಾಣಿಗೆ ತಿನಿಸು ಹಾಕಿ ಊರಿನ ಕಡೆ ಎಳೆದು ತಂದರೆಂದು ಅವರ ಮೇಲೆ ಕೇಸು ಆಗುತ್ತದೆ ಎಂದು ಗೊತ್ತಾಯಿತು. ಅವರು ಒಪ್ಪಿಕೊಂಡದ್ದು ಪೂರಾ ಸುಳ್ಳು. ಅವರು ಹೇಳಿದ್ದು ನಾನು ಬರೆದ ಕಥೆ. ಅದನ್ನು ಅವರು ಚಾಚೂ ತಪ್ಪದೆ ಒಪ್ಪಿಸಿದ್ದಾರೆ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಷ್ಟು ಚೆನ್ನಾಗಿ ಒಪ್ಪಿಸಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು.

ನಮ್ಮ ಮನೆಯಲ್ಲಿ ನಾವು ಮೂವರು: ಮಾವನವರು, ಅತ್ತೆ ಅನ್ವರ್ ಬೇಗಂ ಮತ್ತು ನಾನು. ಮಾವನವರು ಮೊದಲು ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿದ್ದರು. ಈಗ ಹಲಸಿನ ಕಾಲದಲ್ಲಿ ತೂಬಗೆರೆ ಕಡೆ ಮರಗಳನ್ನು ಗುತ್ತಿಗೆಗೆ ಹಿಡಿದು ಹಣ್ಣು ಇಳಿಸಿ ವಿಜಯಪುರಕ್ಕೆ ತಂದು ಮಾರುತ್ತಾರೆ. ನನ್ನ ಗಂಡ ಲಗೇಜ್ ಆಟೋ ಓಡಿಸುತ್ತಿದ್ದರು. ಮೂರು ವರ್ಷದ ಹಿಂದೆ ಮಿದುಳು ಜ್ವರದಿಂದ ತೀರಿಕೊಂಡರು. ಆಟೋ ಮಾರಲು ಯಾರಿಗೂ ಮನಸ್ಸು ಬರಲಿಲ್ಲ. ನಾನು ಓಡಿಸುವುದು ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ಬ್ಯಾಟರಿ ಇಳಿಯಬಾರದೆಂದು ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಂದೈದು ನಿಮಿಷ ಅದನ್ನು ಸ್ಟಾರ್ಟ್ ಮಾಡಿ ಇಡುತ್ತೇನೆ. ಈ ವಿಷಯ ಯಾಕೆ ಎಂದು ಮೇಡಂ ಕೇಳಿದರು. ಮುಂದೆ ಬೇಕಾಗುತ್ತದೆ ಎಂದೆ.

ಪಾಪಯ್ಯನವರ ವಿಷಯವನ್ನೂ ಹೇಳಬೇಕು. ತೋಪು ಅವರದು. ವಯಸ್ಸು ಎಪ್ಪತ್ತು ದಾಟಿದೆ. ಅವರಿಗೆ ಕಿವಿ ಕೇಳುವುದಿಲ್ಲ. ಬೇಸಿಗೆಯಿರಲಿ ಮಳೆಯಿರಲಿ ಕರಿ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಮರದ ಬುಡದಲ್ಲಿ ಕೂತಿರುತ್ತಾರೆ. ಯಾರು ಬಂದು ಏನು ಹೇಳಿದರೂ ತಲೆ ಆಡಿಸುತ್ತಾರೆ. ಹೀಗಾಗಿ ಆ ಕಡೆಯ ಜನ ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಅವರ ಹತ್ತಿರ ಕೂತು ಹೇಳಿಕೊಳ್ಳುವುದು ರೂಢಿ. ಹೊರಗೆ ಹೋಗುವ ಭಯವಿಲ್ಲ, ಮಧ್ಯೆ ಬುದ್ಧಿಮಾತೂ ಬರುವುದಿಲ್ಲ. ಮಾವನವರು ತೋಪಿಗೆ ಹೋದಾಗಲೆಲ್ಲ ಮೊದಲು ಅವರ ಎದುರು ಬಂಡೆಯ ಮೇಲೆ ಕೂತು ಒಂದಷ್ಟು ಹೊತ್ತು ಮಾತಾಡಿ, ಆಮೇಲೆ ಹಣ್ಣಿಗೆ ಕೈ ಹಾಕುತ್ತಾರೆ. ನಾನು ಅಷ್ಟು ಹೊತ್ತು ಕೆಳಗೆ ಆಟೋದ ಹತ್ತಿರವೇ ಇರುತ್ತೇನೆ. ಅದು ನಮ್ಮ ನಡುವೆ ಹೇಳದೆ ಆದ ಒಪ್ಪಂದ.

ದಿನಾಂಕ 15-06-2025ರ ಭಾನುವಾರ ನಾವಿಬ್ಬರೂ ಬೆಳಿಗ್ಗೆ ಸುಮಾರು ಐದಕ್ಕೆ ವಿಜಯಪುರ ಬಿಟ್ಟು, ಆರು ಗಂಟೆಯ ಹೊತ್ತಿಗೆ ತೋಪಿನ ಕೆಳಗಿನ ರಸ್ತೆ ತಲುಪಿದೆವು. ಹಿಂದಿನ ದಿನ ಮಳೆಯಾಗಿತ್ತು. ಬೆಟ್ಟದ ಕಡೆಯಿಂದ ಮಂಜು ಇಳಿದಿತ್ತು. ದಾರಿ ಜಾರುತ್ತಿದ್ದುದರಿಂದ ಆಟೋ ಮೇಲಕ್ಕೆ ಹತ್ತಿಸಲಿಲ್ಲ. ಮಾವನವರು, ತಾವು ಮುಂದೆ ಹೋಗಿ ಪಾಪಯ್ಯನನ್ನು ಮಾತಾಡಿಸುತ್ತಿರುವುದಾಗಿಯೂ ನಾನು ನಿಧಾನವಾಗಿ ಬರಬೇಕೆಂದೂ ಹೇಳಿ ಹೋದರು. ಅವರ ಎಡಗಣ್ಣಿಗೆ ಪೊರೆ ಬಂದಿದೆ, ಬಲಗಣ್ಣೂ ಅಷ್ಟಕ್ಕಷ್ಟೇ. ಆಪರೇಷನ್ ಮಾಡಿಸೋಣವೆಂದರೆ ಹಲಸು ಮುಗಿಯಲಿ ಎನ್ನುತ್ತಾರೆ. ಹಲಸು ಮುಗಿದರೆ ಸೀಬೆ ಎನ್ನುತ್ತಾರೆ.

ಅವತ್ತು ಚಳಿ ಇತ್ತು. ಚಹಾ ಆರಿಹೋಗುತ್ತದೆಂದು ನಾನು ಯಾವತ್ತಿಗಿಂತ ಬೇಗ ಮೇಲೆ ಹೋದೆ. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಹಣ್ಣು ಕೀಳುವ ಕೊಕ್ಕೆಯ ದೋಟಿ ಇತ್ತು. ಮಾವನವರು ಬಂಡೆಯ ಮೇಲೆ ನನಗೆ ಬೆನ್ನು ಹಾಕಿ ಕೂತು ಮಾತಾಡುತ್ತಿದ್ದರು. ಅವರಿಂದ ಎಂಟು ಅಡಿ ದೂರದಲ್ಲಿ ಮರದ ಬುಡದಲ್ಲಿ ಪಾಪಯ್ಯನವರು ಕೊಪ್ಪೆ ಹಾಕಿಕೊಂಡು ಬಗ್ಗಿ ಹಣ್ಣು ತಿನ್ನುತ್ತಿದ್ದಂತೆ ಕಂಡಿತು.

ಮೊದಲು ನನಗೆ ವಿಚಿತ್ರ ಎನಿಸಿದ್ದು ತಿನ್ನುವ ಸದ್ದು. ಪಾಪಯ್ಯನವರಿಗೆ ಇರುವುದು ಮೂರು ಹಲ್ಲು, ಹಣ್ಣನ್ನು ಬಿಡಿಸಿ ಬೀಜ ತೆಗೆದು ಕೊಟ್ಟರೆ ಮಾತ್ರ ತಿನ್ನುತ್ತಾರೆ. ಇಲ್ಲಿ ಸಿಪ್ಪೆಯ ಸಮೇತ ಸೀಳಿ, ಸೊರಸೊರ ಎಳೆದು ತಿನ್ನುವ ಸದ್ದು ಬರುತ್ತಿತ್ತು. ಆಮೇಲೆ ಕೈ ಕಂಡಿತು. ಉಗುರುಗಳು ನನ್ನ ಬೆರಳಿನಷ್ಟು ಉದ್ದ ಇದ್ದವು. ಅದು ಪಾಪಯ್ಯನವರಲ್ಲ, ಕರಡಿ ಎಂದು ನನಗೆ ಗೊತ್ತಾಯಿತು. ಆಗ ನಾನು ಮಾವನವರಿಂದ ಮೂವತ್ತು ಅಡಿ ದೂರದಲ್ಲಿದ್ದೆ.

ಕೂಗಲಿಲ್ಲವೇಕೆ ಎಂದು ಮೇಡಂ ಕೇಳಿದರು. ಕೂಗಿದರೆ ಮಾವನವರು ನನ್ನ ಕಡೆ ತಿರುಗುತ್ತಿದ್ದರು, ಕರಡಿ ಅವರ ಕಡೆ ತಿರುಗುತ್ತಿತ್ತು. ಓಡಿಹೋಗಬಹುದಿತ್ತಲ್ಲ ಎಂದೂ ಕೇಳಿದರು. ಅದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಮನೆಗೆ ಹೋಗಿ ಅತ್ತೆಗೆ ಏನೆಂದು ಹೇಳುವುದು. ಕರಡಿ ಮಾವನವರ ಮೈಮೇಲೆ ಬಿದ್ದರೆ ದೋಟಿಯನ್ನು ಅದರ ಮುಖಕ್ಕೆ ಚುಚ್ಚುವುದೆಂದು ನಿರ್ಧರಿಸಿ ನಿಂತೆ. ಹಲಸಿನ ತೊಟ್ಟಿಗೆ ಮಾಡಿದ ದೋಟಿಯಿಂದ ಕರಡಿಗೆ ಏನಾಗುತ್ತದೆ ಎಂದು ನನಗೆ ಈಗಲೂ ಗೊತ್ತಿಲ್ಲ. ಫ್ಲಾಸ್ಕಿನ ಮುಚ್ಚಳ ಟಕಟಕ ಅನ್ನುತ್ತಿತ್ತು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಹೀಗೆ ಸುಮಾರು ಹತ್ತು ನಿಮಿಷ ನಿಂತಿದ್ದೆ.

ಅಷ್ಟು ಹೊತ್ತೂ ಮಾವನವರು ಮಾತಾಡುತ್ತಲೇ ಇದ್ದರು. ನಡುವೆ ಒಮ್ಮೆ, ಏನಪ್ಪಾ ಪಾಪಯ್ಯ, ಇವತ್ತು ತಲೆಯನ್ನೂ ಆಡಿಸುತ್ತಿಲ್ಲವಲ್ಲ, ಹಣ್ಣು ಅಷ್ಟೊಂದು ರುಚಿಯಾಗಿದೆಯಾ ಎಂದು ಬೇಸರ ಮಾಡಿಕೊಂಡರು. ಉಳಿದ ಮಾತುಗಳನ್ನು ಮುಂದೆ ಬರೆಸುತ್ತೇನೆ. ಕೊನೆಗೆ ಕರಡಿ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ ಅವರನ್ನು ನೋಡಿತು. ಮಾವನವರು ಅದನ್ನು ಸಮಾಧಾನವೆಂದು ತಿಳಿದು, ಹೌದಲ್ಲವೇನಪ್ಪಾ ಎಂದರು. ಕರಡಿ ನಾಲ್ಕು ಕಾಲಿಗೆ ಇಳಿದು, ಪೊದೆ ಸರಿಸಿಕೊಂಡು ಬೆಟ್ಟದ ಕಡೆ ಹೋಯಿತು.

ಮಾವನವರು ಗಾಬರಿಯಿಂದ ಎದ್ದು ನನ್ನನ್ನು ಕೂಗಿದರು. ಮನೆಮಾತಿನಲ್ಲಿ ಕೂಗಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ, ಪಾಪಯ್ಯನಿಗೆ ಲಕ್ವ ಹೊಡೆದಿದೆ, ಕೈ ಊರಿಕೊಂಡು ಹೋಗುತ್ತಿದ್ದಾನೆ, ಬೇಗ ಆಟೋ ತೆಗೆ ಎಂದು. ನಾನು ಹತ್ತಿರ ಹೋಗಿ ಅವರ ತೋಳು ಹಿಡಿದು, ಅಬ್ಬಾ, ಅದು ಪಾಪಯ್ಯನವರಲ್ಲ ಎಂದೆ. ಮಾವನವರನ್ನು ನಾನು ಅಬ್ಬಾ ಎಂದೇ ಕರೆಯುವುದು. ಅವರು ಅಲ್ಲಿ ಬಿದ್ದಿದ್ದ ಸಿಪ್ಪೆಯನ್ನು ನೋಡಿದರು, ಹೆಜ್ಜೆ ನೋಡಿದರು, ಹಾಗೇ ಬಂಡೆಯ ಮೇಲೆ ಕುಸಿದರು. ಚಹಾ ಕೊಟ್ಟರೆ ಅರ್ಧ ಲೋಟ ಶರಟಿನ ಮೇಲೆ ಚೆಲ್ಲಿಕೊಂಡರು. ನಾನು ಎಷ್ಟು ಹೊತ್ತಿಗೆ ಬಂದೆನೆಂದು ಕೇಳಿದರು. ಈಗ ಬಂದೆ ಎಂದೆ. ಈ ಇಡೀ ವಿಷಯದಲ್ಲಿ ನಾನು ಬಾಯಿಬಿಟ್ಟು ಹೇಳಿದ ಸುಳ್ಳು ಅದೊಂದೇ.

ನಿಜವಾದ ಪಾಪಯ್ಯನವರು ಅರ್ಧ ಗಂಟೆಯ ಮೇಲೆ ಊರ ಕಡೆಯಿಂದ ಬಂದರು. ಮಗಳ ಮನೆಯಲ್ಲಿ ನಾಮಕರಣವಿತ್ತಂತೆ. ನಡೆದದ್ದನ್ನು ಕೈಸನ್ನೆಯಲ್ಲಿ ತಿಳಿಸಿದಾಗ ಬಹಳ ನಕ್ಕರು. ಆಮೇಲೆ ನಗು ನಿಲ್ಲಿಸಿ, ಕೊಪ್ಪೆ ಹಾಕಿಕೊಂಡರೆ ತಾನು ಹಾಗೆ ಕಾಣುತ್ತೇನಾ ಎಂದು ನನ್ನನ್ನು ಕೇಳಿದರು. ಮಂಜಿತ್ತಲ್ಲ ತಾತ ಎಂದೆ. ಕರಡಿ ಪ್ರತಿ ವರ್ಷ ಹಣ್ಣಿನ ಕಾಲದಲ್ಲಿ ಬರುತ್ತದೆ, ತನ್ನ ಅಪ್ಪನ ಕಾಲದಿಂದಲೂ ಬರುತ್ತಿದೆ, ಯಾರೂ ಕರೆಯುವುದು ಬೇಕಿಲ್ಲ ಎಂದು ಅವರೇ ಹೇಳಿದರು. ಬೇಕಾದರೆ ಅವರನ್ನು ಕೈಸನ್ನೆಯಲ್ಲಿ ವಿಚಾರಿಸಬಹುದು.

ಮಾವನವರಿಗೆ ಎರಡು ದಿನ ಜ್ವರ ಬಂತು. ಅತ್ತೆಗೆ ಗಾಬರಿಗಿಂತ ಸಿಟ್ಟು ಹೆಚ್ಚಾಯಿತು. ಅವರ ಚಿಕ್ಕಂದಿನಲ್ಲಿ ಕರಡಿ ಆಡಿಸುವವರು ಬೀದಿಗೆ ಬಂದರೆ, ಹೆದರುವ ಮಕ್ಕಳಿಗೆ ತಾಯತ ಕಟ್ಟಲು ಒಂದು ಕೂದಲಿಗಾಗಿ ಹೆಂಗಸರು ಮುಗಿಬೀಳುತ್ತಿದ್ದರಂತೆ. ಎದುರಿಗೇ ಅಷ್ಟು ಹೊತ್ತು ಕೂತಿದ್ದು ಒಂದು ಕೂದಲೂ ತರದೆ ಬರಿಗೈಲಿ ಬಂದಿರಲ್ಲ ಎಂದು ಬೈದರು. ಜ್ವರದಲ್ಲೂ ಮಾವನವರು ನಕ್ಕರು. ನನಗೆ ಆಗ ಜೀವ ಬಂದಂತಾಯಿತು.

ಇನ್ನು ಕಥೆಯ ವಿಷಯ. ನಾನು ಆಗಾಗ ಕಥೆ ಬರೆಯುತ್ತೇನೆ. ಆ ವಾರ ಪಾಠ ಮಾಡುವಾಗಲೂ, ಒಲೆಯ ಮುಂದೆ ನಿಂತಾಗಲೂ ಆ ಕರಡಿ ನನ್ನ ತಲೆಯಿಂದ ಏಳಲಿಲ್ಲ. ಅದರ ಉಗುರಾಗಲಿ ಕೂದಲಾಗಲಿ ಅಲ್ಲ, ಅದು ಕೂತ ರೀತಿ. ಅಬ್ಬಾ ಅವರ ಮಾತನ್ನು ಅಷ್ಟು ಹೊತ್ತು ನಡುವೆ ಬಾಯಿ ಹಾಕದೆ ಕೇಳಿದವರನ್ನು ನಾನು ನೋಡಿಲ್ಲ. ನಾನೂ ಕೇಳಿದವಳಲ್ಲ. ಅದು ಕೇಳುತ್ತಿರಲಿಲ್ಲ, ಹಣ್ಣು ತಿನ್ನುತ್ತಿತ್ತು ಎಂಬುದು ನನಗೆ ಗೊತ್ತು. ಆದರೂ ಬರೆಯಬೇಕೆನಿಸಿತು, ಬರೆದೆ.

ಆದರೆ ಅವರಾಡಿದ ಮಾತನ್ನು ಬರೆಯುವ ಹಾಗಿರಲಿಲ್ಲ. ಅದು ಪಾಪಯ್ಯನವರಿಗೆಂದು ಆಡಿದ್ದು. ಮಾತು ತೆಗೆದುಬಿಟ್ಟರೆ ಒಬ್ಬ ಮುದುಕ ಒಂದು ಕರಡಿಯ ಎದುರು ಅಷ್ಟು ಹೊತ್ತು ಯಾಕೆ ಕೂತ ಎಂಬುದಕ್ಕೆ ಕಾರಣವೇ ಉಳಿಯುವುದಿಲ್ಲ. ಹಾಗಾಗಿ ಕಾರಣ ಹುಟ್ಟಿಸಿದೆ. ಮಗನನ್ನು ಕಳೆದುಕೊಂಡವನೊಬ್ಬ ದಿನಾ ಬೆಳಿಗ್ಗೆ ಕರಡಿಗೆ ತೊಳೆ ಬಿಡಿಸಿ ತಿನ್ನಿಸುತ್ತಾನೆ, ಅದು ಅವನ ಕೈ ನೆಕ್ಕುತ್ತದೆ ಎಂದು ಬರೆದೆ. ನಿಜ ಇದ್ದ ಜಾಗದಲ್ಲಿ ಹಲಸಿನ ಹಣ್ಣು ಇಟ್ಟೆ, ಅಷ್ಟೇ. ಕಥೆಯಲ್ಲಿ ಹೆಸರು ಬೇರೆ ಇಟ್ಟಿದ್ದೆ. ಓದಿ ಹೇಳಿದಾಗ ಮಾವನವರೇ ತಮ್ಮ ಹೆಸರು ಹಾಕಬೇಕೆಂದು ಹಟ ಹಿಡಿದರು. ಬೇರೆಯವನ ಹೆಸರು ಹಾಕಿದರೆ ಕರಡಿ ಮುಂದೆ ಕೂತ ಧೈರ್ಯವೆಲ್ಲ ಅವನ ಪಾಲಾಗುತ್ತದೆ ಎಂಬುದು ಅವರ ವಾದ. ದಿನಾಂಕ 04-07-2025ರಂದು ಕಥೆ ದೊಡ್ಡಬಳ್ಳಾಪುರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಬಂತು.

ಅಲ್ಲಿಂದ ಮಾವನವರು ಎಲ್ಲಿ ಕೂತರೂ ಕಥೆಯನ್ನೇ ಹೇಳತೊಡಗಿದರು. ತೂಬಗೆರೆಯ ಚಹಾ ಅಂಗಡಿಯಲ್ಲಿ ಕರಡಿಯ ನಾಲಿಗೆ ಹೇಗೆ ಒರಟಾಗಿತ್ತೆಂದು ಅಂಗೈ ತೋರಿಸಿ ವರ್ಣಿಸಿದರು. ನಾನು ಬರೆಯದ್ದನ್ನೂ ಸೇರಿಸಿದರು, ಚೆನ್ನಾಗಿಯೇ ಸೇರಿಸಿದರು. ಮೊದಮೊದಲು ನನಗೆ ಖುಷಿಯಾಗುತ್ತಿತ್ತು. ಆಮೇಲೆ ಬೆಂಗಳೂರಿನಿಂದ ಕೆಲವರು ಬೈಕಿನಲ್ಲಿ ಬಾಳೆಹಣ್ಣು ತಂದು, ಕರಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದ್ದು ತಿಳಿದಾಗ ಹೆದರಿದೆ. ತಿನ್ನಿಸಿದ್ದು ಕಟ್ಟುಕಥೆ, ಯಾರೂ ಹಾಗೆ ಮಾಡಬಾರದು ಎಂದು ಪ್ರಕಟಿಸಲು ಪತ್ರಿಕೆಯವರಿಗೆ ಹೇಳಿದ್ದೇನೆ. ಮುಂದಿನ ವಾರ ಹಾಕುತ್ತಾರಂತೆ.

ದಿನಾಂಕ 20-07-2025ರಂದು ಬೆಳಿಗ್ಗೆ ಕರಡಿ, ತೋಪಿನಿಂದ ಅರ್ಧ ಕಿಲೋಮೀಟರ್ ದೂರದ ದೇವೇಂದ್ರ ಅವರ ತೋಟದ ಅತಿಥಿಗೃಹದ ಹತ್ತಿರ ಬಂದು ಜೇನುಪೆಟ್ಟಿಗೆ ಒಡೆದಿದೆ. ಅಲ್ಲಿ ಕೆಲಸ ಮಾಡುವ ಮುತ್ತಮ್ಮನವರು ಓಡುವಾಗ ಬಿದ್ದು ಅವರ ಮುಂಗೈ ಮುರಿದಿದೆ. ಇದು ನಿಜ. ದೇವೇಂದ್ರ ಅವರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಅವರು ದೂರು ಕೊಟ್ಟದ್ದರಲ್ಲಿ ತಪ್ಪು ಹುಡುಕುವುದಿಲ್ಲ. ಅವರ ಕೈಗೆ ನನ್ನ ಕಥೆ ಸಿಕ್ಕಿತು, ನಂಬಿದರು. ನಾನು ಮುತ್ತಮ್ಮನವರನ್ನು ನೋಡಲು ಹೋಗಿದ್ದೆ. ಅವರು ನನ್ನನ್ನು ಬೈಯಲಿಲ್ಲ. "ಕರಡಿ ಆ ಕಡೆ ಓಡ್ತು, ನಾನು ಈ ಕಡೆ ಓಡ್ದೆ, ಪಾಚಿ ಕಲ್ ಮೇಲೆ ಜಾರ್ದೆ ಕಣಮ್ಮ. ಅದು ನನ್ ಮುಟ್ಟೂ ಇಲ್ಲ" ಎಂದರು. ಕಥೆಯಲ್ಲಿರುವ ಕರಡಿ ಗಂಡೋ ಹೆಣ್ಣೋ ಎಂದು ಕೇಳಿದರು. ನಾನು ಯೋಚಿಸಿರಲಿಲ್ಲ.

ದಿನಾಂಕ 24-07-2025ರಂದು ಮಾವನವರನ್ನು ಠಾಣೆಗೆ ಕರೆಸಿದಾಗ ನಾನು ಶಾಲೆಯಲ್ಲಿದ್ದೆ. ತಿನ್ನಿಸಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವರು ಎಲ್ಲವನ್ನೂ ಒಪ್ಪಿಕೊಂಡು ಹೆಬ್ಬೆಟ್ಟು ಒತ್ತಿ ಬಂದರು. ಸಂಜೆ ನಾನು ಜಗಳ ಮಾಡಿದೆ. ಪತ್ರಿಕೆಯಲ್ಲಿ ಬಂದ ಮೇಲೆ ಅದೇ ನಿಜ, ಬಿಡು ಬೇಟಾ ಎಂದರು. ಊಟ ಬಿಟ್ಟು ಎದ್ದು ಹೋದರು. ಅವತ್ತು ಮಲಗಿದ ಮೇಲೆ ಅವರು ಹಾಗೇಕೆ ಹೇಳಿದರೆಂದು ನನಗೆ ಹೊಳೆಯಿತು. ತಿನ್ನಿಸಿಲ್ಲ ಎಂದರೆ, ಮತ್ತೆ ಅಷ್ಟು ಹೊತ್ತು ಕರಡಿಯ ಎದುರು ಕೂತು ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಮಾತಾಡುತ್ತಿದ್ದೆ ಎನ್ನಬೇಕು. ಏನು ಮಾತು ಎಂದು ಕೇಳುತ್ತಾರೆ. ಅದನ್ನು ಹೇಳುವುದಕ್ಕಿಂತ ಜೈಲೇ ವಾಸಿ ಎಂದು ಅವರು ತೀರ್ಮಾನಿಸಿದ್ದಾರೆ. ನಾನು ಕೇಳಿಸಿಕೊಂಡದ್ದು ಅವರಿಗೆ ಗೊತ್ತಿಲ್ಲ.

ಆ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಸಬೇಕೆಂದು ಮೇಡಂ ಹೇಳಿದ್ದರಿಂದ ಬರೆಸುತ್ತಿದ್ದೇನೆ. ಪಾಪಯ್ಯನವರ ಹತ್ತಿರ ಅವರು ಕನ್ನಡದಲ್ಲೇ ಮಾತಾಡುವುದು.

"ನೋಡು ಪಾಪಯ್ಯ, ಹೊಸಕೋಟೆ ಕಡೆಯಿಂದ ನಮ್ ತಂಜೀಲಾಗೆ ಒಂದು ಸಂಬಂಧ ಬಂದೈತೆ. ಜಡಿಗೇನಹಳ್ಳಿ ಹುಡುಗ, ತೌಹೀದ್ ಅಂತ, ಮೆಡಿಕಲ್ ಸ್ಟೋರ್ ಇಟ್ಟವ್ನೆ. ಹೆಂಡ್ತಿ ತೀರ್ಕೊಂಡವ್ಳೆ, ಸಣ್ಣ ಮಗು ಐತೆ. ಒಳ್ಳೆ ಜನ. ಮಾರ್ಚಲ್ಲೇ ಕೇಳಿದ್ರು. ನಾನು ಹುಡುಗಿಗೆ ಹೇಳೇ ಇಲ್ಲ ಕಣಪ್ಪಾ. ಮನೇವ್ಳಿಗೂ ಹೇಳಿಲ್ಲ. ಆಮೇಲೆ ನೋಡೋಣ ಅಂತ ಸಾಗಹಾಕ್ಬಿಟ್ಟೆ. ಬೆಳಿಗ್ಗೆ ಅವ್ಳು ಆಟೋ ಸ್ಟಾರ್ಟ್ ಮಾಡ್ತಾಳಲ್ಲ, ಆ ಸದ್ದಿಗೇ ನಂಗೆ ಎಚ್ಚರ ಆಗೋದು. ಕಣ್ ಬಿಡೋಗಂಟ ಉಮರ್ ಹೊರಟವ್ನೆ ಅಂದ್ಕೊಂಡಿರ್ತೀನಿ. ಅಷ್ಟು ಹೊತ್ತು, ಅಷ್ಟೇ. ಅಷ್ಟಕ್ಕೋಸ್ಕರ ಆ ಹುಡುಗಿ ಬಾಳನ್ನ ಹಿಡ್ಕೊಂಡು ಕೂತಿದೀನಲ್ಲ, ನಾನೆಂಥ ಮನುಷ್ಯ ಹೇಳು."

ಈ ಮಾತಿಗೇ ಕರಡಿ ತಲೆ ಎತ್ತಿ ನೋಡಿದ್ದು.

ಮನೆಯಲ್ಲಿ ಇದನ್ನು ನೇರವಾಗಿ ಹೇಳಬಹುದಿತ್ತಲ್ಲ ಎಂದು ಮೇಡಂ ಕೇಳಿದರು. ಮನೆಯಲ್ಲಿ ಬಾಯಿ ತೆರೆದರೆ ನಾವಿಬ್ಬರೂ ಹಲಸಿನ ರೇಟು ಮಾತಾಡುತ್ತೇವೆ. ಉಮರ್ ಹೋದಾಗಿನಿಂದ ಹಾಗೆಯೇ. ಅವರಿಗೆ ಹೇಳಿಕೊಳ್ಳಲು ಪಾಪಯ್ಯನವರಿದ್ದರು, ತಪ್ಪಿ ಒಂದು ದಿನ ಕರಡಿ ಇತ್ತು. ನನಗೆ ಈ ಠಾಣೆ ಇದೆ. ಮಾವನವರಿಗೆ ಕನ್ನಡ ಓದಲು ಬರುವುದಿಲ್ಲ. ಅವರು ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಈ ಹೇಳಿಕೆಯನ್ನು ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. ಓದುವಾಗ ನಾನು ಅಲ್ಲಿರುವುದಿಲ್ಲ.

ಅವರಿಗಾಗಿ ಬರೆಸುವುದು ಇಷ್ಟು. ನನ್ನಿಂದ ಮುಚ್ಚಿಟ್ಟದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಇನ್ನೂ ಸ್ವಲ್ಪ ಇದೆ. ಆ ಸಂಬಂಧದವರನ್ನು ನೋಡಲು ನನಗೆ ಮನಸ್ಸಿದೆ. ಒಪ್ಪುತ್ತೇನೋ ಇಲ್ಲವೋ ನೋಡಿದ ಮೇಲೆ ಹೇಳುತ್ತೇನೆ. ಅಬ್ಬಾ ಕೆಟ್ಟ ಮನುಷ್ಯರಲ್ಲ. ಬೆಳಿಗ್ಗೆ ಬ್ಯಾಟರಿಗಾಗಿ ಎಂದು ನಾನು ಆಟೋ ಸ್ಟಾರ್ಟ್ ಮಾಡಿ ಪಕ್ಕದಲ್ಲಿ ನಿಂತಿರುತ್ತೇನಲ್ಲ, ನಾನೂ ಆ ಸದ್ದನ್ನೇ ಕೇಳುತ್ತಿರುತ್ತೇನೆ. ನಾನು ಎಲ್ಲಿಗೆ ಹೋದರೂ ಆಟೋ ವಿಜಯಪುರದ ಮನೆಯ ಮುಂದೆಯೇ ಇರುತ್ತದೆ. ಸ್ಟಾರ್ಟ್ ಮಾಡುವುದನ್ನು ಅವರಿಗೆ ಕಲಿಸಿಕೊಡುತ್ತೇನೆ. ಕೀಲಿ ತಿರುಗಿಸುವುದಷ್ಟೇ, ಅದಕ್ಕೆ ಎರಡೂ ಕಣ್ಣು ಬೇಕಿಲ್ಲ. ಆದರೂ ಆಪರೇಷನ್ ಮಾಡಿಸಿಕೊಳ್ಳಬೇಕು.

ಮಸ್ತಾನ್ ಸಾಬ್ ಯಾವ ಕರಡಿಗೂ ಏನನ್ನೂ ತಿನ್ನಿಸಿಲ್ಲ. ತಿನ್ನಿಸಿದ್ದು ನಾನು, ಕಾಗದದ ಮೇಲೆ. ಅವರ ಮೇಲೆ ಕೇಸು ಹಾಕಬಾರದೆಂದು ಕೇಳಿಕೊಳ್ಳುತ್ತೇನೆ.

ಇಲ್ಲಿ ಬರೆಸಿರುವುದೆಲ್ಲ ನಡೆದದ್ದು, ಪತ್ರಿಕೆಯಲ್ಲಿ ಬಂದದ್ದು ಕಥೆ. ಟೈಪ್ ಆದದ್ದನ್ನು ನಾನೇ ಓದಿ ನೋಡಿ, ನಾಲ್ಕು ಕಡೆ ತಿದ್ದಿಸಿ, ಸರಿಯಿದೆ ಎಂದು ರುಜು ಮಾಡಿದ್ದೇನೆ.

ಸ್ಥಳ: ದೊಡ್ಡಬಳ್ಳಾಪುರ
ದಿನಾಂಕ: 26-07-2025
ಸಹಿ: ತಂಜೀಲಾ

ಷರಾ: ಹೇಳಿಕೆದಾರರ ಕೋರಿಕೆಯಂತೆ ಮೇಲಿನದನ್ನು ಮಸ್ತಾನ್ ಸಾಬ್ ಅವರಿಗೆ ಮಧ್ಯಾಹ್ನ 1 ಗಂಟೆಗೆ ಓದಿ ಹೇಳಲಾಯಿತು. ಆ ವೇಳೆ ಹೇಳಿಕೆದಾರರು ಹೊರಗೆ ಆಟೋದಲ್ಲಿದ್ದರು. ಮಸ್ತಾನ್ ಸಾಬ್ ಅವರು ದಿನಾಂಕ 24ರ ತಮ್ಮ ಹೇಳಿಕೆ ನಿಜವಲ್ಲವೆಂದು ತಿಳಿಸಿ, ಹೊಸದಾಗಿ ಹೇಳಿಕೆ ಕೊಡಲು ಒಪ್ಪಿದರು. ಅದು ಕರಡಿಯೆಂದು ಗೊತ್ತಾದ ಮೇಲೂ ಹುಡುಗಿ ಅಲ್ಲೇ ನಿಂತಿದ್ದಳೇ ಎಂದು ಕೇಳಿದರು. ಹೇಳಿಕೆಯಲ್ಲಿ ಹಾಗೆ ಇದೆ ಎಂದು ತಿಳಿಸಲಾಯಿತು. ಆ ಭಾಗವನ್ನು ಇನ್ನೊಮ್ಮೆ ಓದಬೇಕೆಂದು ಕೇಳಿಕೊಂಡರು. ಓದಲಾಯಿತು.

ಸಹಿ: ಪ್ರಮೋದಾ, ಸಬ್ ಇನ್‌ಸ್ಪೆಕ್ಟರ್